ಕೊಂದವನು ಚಿಕ್ಕಪ್ಪನೋ, ಭಾವನೋ? ‘ದಿ ಡಾಟರ್ ಆಫ್ ಟೈಮ್’ ಓದಿದವರ ಮುಗಿಯದ ಜಗಳ

1990ರಲ್ಲಿ ಬ್ರಿಟನ್ನಿನ ಕ್ರೈಮ್ ರೈಟರ್ಸ್ ಅಸೋಸಿಯೇಷನ್‌ನವರು ಸಾರ್ವಕಾಲಿಕ ಶ್ರೇಷ್ಠ ಅಪರಾಧ ಕಾದಂಬರಿಗಳು ಅಂತ ನೂರು ಹೆಸರಿನ ಒಂದು ಪಟ್ಟಿ ಮಾಡಿದರು. ಮೊದಲ ಸ್ಥಾನ ಶೆರ್ಲಾಕ್ ಹೋಮ್ಸ್‌ಗೆ ಸಿಗಲಿಲ್ಲ, ಅಗಾಥಾ ಕ್ರಿಸ್ಟಿಗೂ ಸಿಗಲಿಲ್ಲ. ಜೋಸೆಫಿನ್ ಟೇ 1951ರಲ್ಲಿ ಬರೆದ ‘ದಿ ಡಾಟರ್ ಆಫ್ ಟೈಮ್’ ಅನ್ನುವ ಸಣ್ಣ ಕಾದಂಬರಿಗೆ ಸಿಕ್ಕಿತು. ಐದು ವರ್ಷದ ನಂತರ ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಮಾಡಿದ ಪಟ್ಟಿಯಲ್ಲೂ ಅದು ನಾಲ್ಕನೆಯದು. ಇಷ್ಟು ಹೆಸರು ಕೇಳಿ ಪುಸ್ತಕ ತಂದು ಕೂತವರಲ್ಲಿ ಒಂದಷ್ಟು ಜನ ಐವತ್ತು ಪುಟಕ್ಕೇ ಮಡಚಿಡುತ್ತಾರೆ. ಹೆಣ ಎಲ್ಲಿದೆ, ಬೆನ್ನಟ್ಟುವುದು ಯಾವಾಗ, ಇದೇನು ಇತಿಹಾಸದ ಪಾಠವಾ ಅನ್ನುತ್ತಾರೆ. ಇನ್ನೊಂದಷ್ಟು ಜನ ಒಂದೇ ರಾತ್ರಿಯಲ್ಲಿ ಮುಗಿಸಿ, ಬೆಳಿಗ್ಗೆ ಎದ್ದವರೇ ಇಂಗ್ಲೆಂಡಿನ ಹಳೇ ರಾಜನೊಬ್ಬನ ಪರ ವಕಾಲತ್ತಿಗೆ ನಿಲ್ಲುತ್ತಾರೆ.

ಒಂದೇ ಪುಸ್ತಕದ ಬಗ್ಗೆ ಇಷ್ಟು ದೂರದೂರದ ಅಭಿಪ್ರಾಯ ಯಾಕೆ? ಸ್ವಲ್ಪ ಕಿವಿಗೊಟ್ಟು ಕೇಳಿದರೆ ಜನ ಜಗಳ ಆಡುತ್ತಿರುವುದು ಒಂದೇ ವಿಷಯಕ್ಕಲ್ಲ ಅಂತ ಗೊತ್ತಾಗುತ್ತದೆ. ಇದು ಒಳ್ಳೆಯ ಪತ್ತೇದಾರಿ ಕಾದಂಬರಿಯೇ ಅನ್ನುವುದು ಒಂದು ಪ್ರಶ್ನೆ. ಇದರಲ್ಲಿರುವ ಇತಿಹಾಸ ಸರಿಯೇ ಅನ್ನುವುದು ಬೇರೆ ಪ್ರಶ್ನೆ. ಇನ್‌ಸ್ಪೆಕ್ಟರ್ ತನಿಖೆ ನಡೆಸಿದ ರೀತಿ ನ್ಯಾಯವೇ ಅನ್ನುವುದು ಮತ್ತೂ ಬೇರೆ. ಮೂರನ್ನೂ ಒಟ್ಟಿಗೆ ಕಲಸಿದರೆ ವಾದ ಎಲ್ಲಿಗೂ ಹೋಗುವುದಿಲ್ಲ. ನನ್ನ ಲೆಕ್ಕದಲ್ಲಿ ಕಾದಂಬರಿ ಬಹಳ ಚೆನ್ನಾಗಿದೆ, ತನಿಖೆ ಒಂದೇ ಕಡೆಗೆ ವಾಲಿದೆ. ಎರಡೂ ಒಟ್ಟಿಗೆ ನಿಜ ಆಗಬಹುದು.

ಕಥೆ ಹೀಗಿದೆ. ಸ್ಕಾಟ್ಲೆಂಡ್ ಯಾರ್ಡ್‌ನ ಇನ್‌ಸ್ಪೆಕ್ಟರ್ ಅಲನ್ ಗ್ರಾಂಟ್ ಅಪರಾಧಿಯೊಬ್ಬನನ್ನು ಅಟ್ಟಿಸಿಕೊಂಡು ಹೋಗುವಾಗ ನೆಲದ ಕಿಂಡಿಯೊಳಗೆ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಲಂಡನ್ನಿನ ಆಸ್ಪತ್ರೆಯಲ್ಲಿ ಅಂಗಾತ ಮಲಗಿ ಸೂರಿನ ಬಿರುಕು ಎಣಿಸುವುದೇ ಕೆಲಸ. ಬಂದವರು ತಂದುಕೊಟ್ಟ ಹೊಸ ಕಾದಂಬರಿಗಳ ರಾಶಿ ಪಕ್ಕದಲ್ಲಿದೆ, ಒಂದೂ ರುಚಿಸುತ್ತಿಲ್ಲ. ಮುಖ ನೋಡಿ ಮನುಷ್ಯನನ್ನು ಅಳೆಯುವುದು ಅವನ ಹವ್ಯಾಸ. ಅದು ಗೊತ್ತಿದ್ದ ಗೆಳತಿ, ನಟಿ ಮಾರ್ಟಾ ಹ್ಯಾಲಾರ್ಡ್, ಒಂದಿಷ್ಟು ಹಳೇ ಭಾವಚಿತ್ರಗಳ ಪ್ರತಿ ತಂದು ಹಾಸಿಗೆ ಮೇಲೆ ಹಾಕುತ್ತಾಳೆ. ಅದರಲ್ಲೊಂದು ಚಿತ್ರದಲ್ಲಿ ಬೆರಳಿನ ಉಂಗುರ ತಿರುವುತ್ತಾ ನಿಂತವನೊಬ್ಬ ಇದ್ದಾನೆ. ತೆಳು ತುಟಿ, ಚಿಂತೆ ತುಂಬಿದ ಕಣ್ಣು. ನ್ಯಾಯಾಧೀಶನೋ, ದೊಡ್ಡ ಜವಾಬ್ದಾರಿ ಹೊತ್ತವನೋ ಇರಬೇಕು ಅಂತ ಗ್ರಾಂಟ್ ಅಂದುಕೊಳ್ಳುತ್ತಾನೆ. ಚಿತ್ರ ತಿರುಗಿಸಿ ನೋಡಿದರೆ ಮೂರನೇ ರಿಚರ್ಡ್! ಇಂಗ್ಲೆಂಡಿನ ಮಕ್ಕಳೆಲ್ಲ ಶಾಲೆಯಲ್ಲಿ ಕಲಿಯುವ ಗೂನುಬೆನ್ನಿನ ರಾಕ್ಷಸ. ಅಣ್ಣನ ಇಬ್ಬರು ಗಂಡುಮಕ್ಕಳನ್ನು ಲಂಡನ್ ಟವರ್‌ನಲ್ಲಿ ಕೊಲ್ಲಿಸಿ ಸಿಂಹಾಸನ ಹತ್ತಿದವನು. ಕಟಕಟೆಯಲ್ಲಿ ನಿಲ್ಲಿಸಬೇಕಾದವನನ್ನು ನಾನು ನ್ಯಾಯಪೀಠದ ಮೇಲೆ ಕೂರಿಸಿದೆನಲ್ಲ ಅಂತ ಗ್ರಾಂಟ್‌ಗೆ ಕಸಿವಿಸಿ. ಅಲ್ಲಿಂದ ತನಿಖೆ ಶುರು.

ಕೊನೆಗೆ ಗ್ರಾಂಟ್ ಬರೆಯುವ ಚಾರ್ಜ್‌ಶೀಟಿನಲ್ಲಿ ಆರೋಪಿಯ ಹೆಸರು ಬೇರೆ ಇರುತ್ತದೆ: ಏಳನೇ ಹೆನ್ರಿ. ಗುಟ್ಟು ಹೇಳಿಬಿಟ್ಟೆ ಅಂತ ಬೈಯಬೇಡಿ. ಕೊನೆಯ ಪುಟದ ಅಚ್ಚರಿಗಾಗಿ ಓದುವ ಪುಸ್ತಕ ಇದಲ್ಲ.

ಯಾರು ಯಾರಿಗೆ ಏನಾಗಬೇಕು

ಪುಸ್ತಕ ಅರ್ಧಕ್ಕೆ ಬಿಟ್ಟವರಲ್ಲಿ ಬಹಳ ಮಂದಿ ಹೇಳುವ ಕಾರಣ ಒಂದೇ. ಎಲ್ಲರ ಹೆಸರೂ ಒಂದೇ ಥರ ಇದೆ. ಅಪ್ಪ ಎಡ್ವರ್ಡ್, ಮಗನೂ ಎಡ್ವರ್ಡ್. ಚಿಕ್ಕಪ್ಪ ರಿಚರ್ಡ್, ಕಿರಿಯ ಮಗನೂ ರಿಚರ್ಡ್. ತಾಯಿ ಎಲಿಜಬೆತ್, ಹಿರಿಮಗಳೂ ಎಲಿಜಬೆತ್. ಟೇ ತನ್ನ ಓದುಗರು ಇದನ್ನೆಲ್ಲ ಶಾಲೆಯಲ್ಲಿ ಓದಿದ್ದಾರೆ ಅಂತ ಭಾವಿಸಿ ಬರೆದಳು. ನಮ್ಮಲ್ಲಿ ಎಲ್ಲಿಂದ ಬರಬೇಕು ಆ ಪಾಠ? ಹಾಗಾಗಿ ಇಷ್ಟು ಹಿಡಿದಿಟ್ಟುಕೊಳ್ಳಿ.

15ನೇ ಶತಮಾನದ ಇಂಗ್ಲೆಂಡಿನಲ್ಲಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಅನ್ನುವ ಎರಡು ಮನೆತನಗಳ ನಡುವೆ ಸಿಂಹಾಸನಕ್ಕಾಗಿ ದಾಯಾದಿ ಜಗಳ. ಯಾರ್ಕ್ ಮನೆತನದ ನಾಲ್ಕನೇ ಎಡ್ವರ್ಡ್ ಗೆದ್ದು ರಾಜನಾದ. ಅವನಿಗೆ ಇಬ್ಬರು ತಮ್ಮಂದಿರು, ಜಾರ್ಜ್ ಮತ್ತು ರಿಚರ್ಡ್. ಜಾರ್ಜ್‌ನನ್ನು ರಾಜದ್ರೋಹದ ಆರೋಪದ ಮೇಲೆ 1478ರಲ್ಲಿ ಅಣ್ಣನೇ ಕೊಲ್ಲಿಸಿದ. 1483ರ ಏಪ್ರಿಲ್ 9ಕ್ಕೆ ಎಡ್ವರ್ಡ್ ತೀರಿಕೊಂಡ. ಹಿರಿಮಗ ಐದನೇ ಎಡ್ವರ್ಡ್‌ಗೆ ಆಗ 12 ವರ್ಷ, ಕಿರಿಯ ಮಗ ರಿಚರ್ಡ್‌ಗೆ 9. ಚಿಕ್ಕಪ್ಪ ರಿಚರ್ಡ್ ರಾಜ್ಯಪಾಲಕನಾಗಿ ಬಂದ. ಹುಡುಗರು ಲಂಡನ್ ಟವರ್ ಸೇರಿದರು. ಟವರ್ ಅಂದರೆ ಆಗ ಬರೀ ಜೈಲಲ್ಲ, ಅರಮನೆಯೂ ಹೌದು.

ಜೂನ್‌ನಲ್ಲಿ ಒಂದು ಬಾಂಬು ಬಿತ್ತು. ಸತ್ತ ರಾಜ ಎಲಿಜಬೆತ್ ವುಡ್‌ವಿಲ್‌ಳನ್ನು ಮದುವೆಯಾಗುವ ಮೊದಲೇ ಎಲೀನರ್ ಬಟ್ಲರ್ ಅನ್ನುವ ಹೆಂಗಸಿಗೆ ಮಾತು ಕೊಟ್ಟು ವಿವಾಹಬಂಧನಕ್ಕೆ ಒಳಗಾಗಿದ್ದನಂತೆ. ಅಂದಮೇಲೆ ಎರಡನೇ ಮದುವೆ ಸಿಂಧುವಲ್ಲ, ಮಕ್ಕಳಿಗೆ ಹಕ್ಕಿಲ್ಲ. ಜುಲೈ 6ಕ್ಕೆ ಚಿಕ್ಕಪ್ಪನೇ ಮೂರನೇ ರಿಚರ್ಡ್ ಆಗಿ ಕಿರೀಟ ಧರಿಸಿದ. ಆ ಬೇಸಿಗೆ ಕಳೆದಮೇಲೆ ಹುಡುಗರನ್ನು ಕಂಡವರಿಲ್ಲ. 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಯುದ್ಧದಲ್ಲಿ ರಿಚರ್ಡ್ ಸತ್ತ, ಆಗ ಅವನಿಗೆ 32. ಗೆದ್ದವನು ಹೆನ್ರಿ ಟ್ಯೂಡರ್, ಅಂದರೆ ಏಳನೇ ಹೆನ್ರಿ. ಅವನು ಮುಂದಿನ ವರ್ಷ ಮದುವೆಯಾದದ್ದು ಕಾಣೆಯಾದ ಹುಡುಗರ ಅಕ್ಕ ಎಲಿಜಬೆತ್‌ಳನ್ನು. ಹಾಗಾಗಿ ಅವನು ಆ ಹುಡುಗರಿಗೆ ಭಾವ.

ಈಗ ಗ್ರಾಂಟ್‌ನ ವಾದ ನೋಡಿ. ನಿಜಕ್ಕೂ ಜಾಣ ವಾದ.

ಅವನ ಮೊದಲ ಕೆಲಸ ಸಾಕ್ಷಿಯನ್ನು ಜರಡಿ ಹಿಡಿಯುವುದು. ರಿಚರ್ಡ್ ಕೊಲೆಗಾರ ಅನ್ನುವ ಕಥೆಗೆ ಮೂಲ ಸರ್ ಥಾಮಸ್ ಮೋರ್ ಬರೆದ ಇತಿಹಾಸ. ಮೋರ್ ಅಂದರೆ ಸಂತ, ಮೇಧಾವಿ, ಮಾತಿಗೆ ತಲೆ ಕೊಟ್ಟವನು. ಯಾರು ಅನುಮಾನಿಸುತ್ತಾರೆ? ಆದರೆ ಗ್ರಾಂಟ್ ವಯಸ್ಸು ಲೆಕ್ಕ ಹಾಕುತ್ತಾನೆ. ರಿಚರ್ಡ್ ಸತ್ತಾಗ ಮೋರ್‌ಗೆ ಏಳೆಂಟು ವರ್ಷ. ಅಂದರೆ ಅವನು ಬರೆದದ್ದೆಲ್ಲ ಯಾರೋ ಹೇಳಿದ್ದನ್ನು ಕೇಳಿ. ಹುಡುಗನಾಗಿದ್ದಾಗ ಅವನು ಬೆಳೆದದ್ದು ಜಾನ್ ಮಾರ್ಟನ್ ಮನೆಯಲ್ಲಿ. ಮಾರ್ಟನ್ ರಿಚರ್ಡ್‌ನ ಕಟ್ಟಾ ವೈರಿ, ಹೆನ್ರಿಯ ಕಾಲದಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದವನು. ಕೇಳಿದ ಮಾತು ಸಾಕ್ಷಿಯಲ್ಲ ಅನ್ನುವುದು ಇಂಗ್ಲಿಷ್ ಕಾನೂನಿನ ಹಳೇ ನಿಯಮ. ಅಲ್ಲಿಂದಲೇ ನಮ್ಮ ಕೋರ್ಟುಗಳಿಗೂ ಬಂದದ್ದು. ಸಾಕ್ಷಿಕಟ್ಟೆ ಹತ್ತಿದವನು ತಾನು ಕಂಡದ್ದನ್ನು ಹೇಳಬೇಕು, ಪಕ್ಕದವನು ಹೇಳಿದ್ದನ್ನಲ್ಲ. ಈ ಜಾಗಕ್ಕೆ ಬಂದಾಗ ಪೊಲೀಸ್ ಕಾದಂಬರಿ ಪ್ರಿಯರ ಕಿವಿ ನೆಟ್ಟಗಾಗುತ್ತದೆ.

ಎರಡನೆಯದು ಲಾಭದ ಲೆಕ್ಕ. ಹುಡುಗರು ಸತ್ತರೆ ಯಾರಿಗೆ ಲಾಭ? ರಿಚರ್ಡ್‌ಗೆ ಕೊಲ್ಲುವ ಅಗತ್ಯವೇ ಇರಲಿಲ್ಲ ಅನ್ನುತ್ತಾನೆ ಗ್ರಾಂಟ್. 1484ರ ಜನವರಿಯಲ್ಲಿ ಪಾರ್ಲಿಮೆಂಟು ‘ಟಿಟುಲಸ್ ರೆಗಿಯಸ್’ ಅನ್ನುವ ಶಾಸನದ ಮೂಲಕ ಅವರಿಗೆ ಹಕ್ಕಿಲ್ಲ ಅಂತ ಖಚಿತಪಡಿಸಿತ್ತು. ಹೆನ್ರಿಯ ಪರಿಸ್ಥಿತಿ ಉಲ್ಟಾ. ಅವನಿಗೆ ಯಾರ್ಕ್ ಮನೆತನದ ಬೆಂಬಲ ಬೇಕು, ಅದಕ್ಕೆ ಎಲಿಜಬೆತ್‌ಳನ್ನು ಮದುವೆಯಾಗಬೇಕು. ಹಕ್ಕಿಲ್ಲದ ಹುಡುಗಿಯನ್ನು ಮದುವೆಯಾಗಿ ಏನು ಪ್ರಯೋಜನ? ಆದ್ದರಿಂದ ಆ ಶಾಸನವನ್ನು ಓದದೆಯೇ ರದ್ದು ಮಾಡಿಸಿದ, ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಆಜ್ಞೆ ಹೊರಡಿಸಿದ. ಇಲ್ಲೇ ಇರುವುದು ಗಂಟು. ಅಕ್ಕನಿಗೆ ಹಕ್ಕು ಕೊಟ್ಟ ಗಳಿಗೆಯಲ್ಲೇ ತಮ್ಮಂದಿರಿಗೂ ಹಕ್ಕು ಬಂತು. ಅವರು ಬದುಕಿದ್ದರೆ ಹಿರಿಯವನೇ ರಾಜ, ಹೆನ್ರಿ ಯಾರೂ ಅಲ್ಲ. ಹುಡುಗರು ಸಾಯಲೇಬೇಕಾಗಿದ್ದದ್ದು ಯಾರಿಗೆ ಅಂತ ಈಗ ಹೇಳಿ ಅಂತಾನೆ ಗ್ರಾಂಟ್. ಮೊದಲ ಓದಿಗೆ ಇದು ಬೀಗದಲ್ಲಿ ಕೀಲಿ ತಿರುಗಿದಷ್ಟು ಸಲೀಸಾಗಿ ಕೂರುತ್ತದೆ.

ಮೂರನೆಯದು ಜನ ಏನು ಹೇಳಿದರು ಅನ್ನುವುದನ್ನು ಬಿಟ್ಟು ಏನು ಮಾಡಿದರು ಅಂತ ನೋಡುವುದು. ಹುಡುಗರ ತಾಯಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಯಾರೂ ಹಿಡಿದೊಯ್ಯುವಂತಿಲ್ಲದ ಚರ್ಚಿನ ಆಶ್ರಯ ಪಡೆದು ಕೂತಿದ್ದಳು. 1484ರ ಮಾರ್ಚ್‌ನಲ್ಲಿ ಅವಳು ಹೊರಬಂದಳು, ಹೆಣ್ಣುಮಕ್ಕಳನ್ನು ರಿಚರ್ಡ್‌ನ ಕೈಗೆ ಒಪ್ಪಿಸಿದಳು, ವರ್ಷಕ್ಕೆ 700 ಮಾರ್ಕ್ ಪಿಂಚಣಿ ತಗೊಂಡಳು. ಮಕ್ಕಳನ್ನು ಕೊಂದವನ ಮನೆಗೆ ಯಾವ ತಾಯಿಯಾದರೂ ಮಗಳನ್ನು ಕಳಿಸುತ್ತಾಳಾ? ಜೊತೆಗೆ, ಕೊಲೆ ಮಾಡಿಸಿದವನು ಅಂತ ಮೋರ್ ಹೆಸರಿಸುವ ಜೇಮ್ಸ್ ಟಿರೆಲ್‌ಗೆ 1486ರ ಬೇಸಿಗೆಯಲ್ಲಿ ಹೆನ್ರಿ ಒಂದು ತಿಂಗಳ ಅಂತರದಲ್ಲಿ ಎರಡು ಸಲ ಕ್ಷಮಾಪತ್ರ ಕೊಟ್ಟ. ಒಂದು ಸಲ ಕ್ಷಮಿಸಿದಮೇಲೆ ಮತ್ತೊಂದು ಯಾಕೆ? ನಡುವೆ ಏನು ನಡೆಯಿತು? ಪೊಲೀಸನ ಮೂಗು ಅಂದರೆ ಇದು.

ಎದುರು ವಕೀಲ ಇದ್ದಿದ್ದರೆ

ಇಲ್ಲಿಗೆ ನಿಲ್ಲಿಸಿದವರು ರಿಚರ್ಡ್‌ನ ಅಭಿಮಾನಿಗಳಾಗುತ್ತಾರೆ. ಇನ್ನೂ ನಾಲ್ಕು ಪುಸ್ತಕ ಓದಿದವರು ಸಿಟ್ಟಾಗುತ್ತಾರೆ. ಗ್ರಾಂಟ್‌ನ ವಾದಕ್ಕೆ ಎದುರುವಾದ ಇದೆ, ಆದರೆ ಅದನ್ನು ಆಡುವ ಗಟ್ಟಿ ಬಾಯಿ ಕಾದಂಬರಿಯೊಳಗೆ ಯಾರಿಗೂ ಇಲ್ಲ ಅನ್ನುವುದು ಅವರ ದೂರು. ಈ ದೂರು ನ್ಯಾಯವಾದದ್ದು.

ತಾಯಿಯ ವಿಷಯವನ್ನೇ ತಗೊಳ್ಳಿ. ಎಲಿಜಬೆತ್ ವುಡ್‌ವಿಲ್‌ಗೆ ಮೊದಲ ಗಂಡನಿಂದ ಹುಟ್ಟಿದ ಇನ್ನೊಬ್ಬ ಮಗನಿದ್ದ, ರಿಚರ್ಡ್ ಗ್ರೇ. ಅವನ ತಲೆಯನ್ನು 1483ರ ಜೂನ್‌ನಲ್ಲಿ ಪಾಂಟಿಫ್ರಾಕ್ಟ್‌ನಲ್ಲಿ ತೆಗೆಸಿದ್ದು ಇದೇ ಚಿಕ್ಕಪ್ಪ ರಿಚರ್ಡ್. ಅವಳ ತಮ್ಮ ರಿವರ್ಸ್ ಪ್ರಭುವನ್ನೂ ಅವನೊಟ್ಟಿಗೇ ಮುಗಿಸಿದ. ಇದರಲ್ಲಿ ಯಾವ ಅನುಮಾನವೂ ಇಲ್ಲ, ಯಾರೂ ಅಲ್ಲಗಳೆಯುವುದೂ ಇಲ್ಲ. ಅಂದರೆ ಮಗನನ್ನು ಕೊಂದವನೊಂದಿಗೆ ಅವಳು ರಾಜಿಯಾದದ್ದಂತೂ ಸತ್ಯ. ಉಳಿದ ಪ್ರಶ್ನೆ ಅವನು ಕೊಂದದ್ದು ಒಬ್ಬನನ್ನೋ ಮೂವರನ್ನೋ ಅನ್ನುವುದು ಮಾತ್ರ. ಅವಳು ಹೊರಬಂದದ್ದಾದರೂ ಸುಮ್ನೆ ಅಲ್ಲ. ಹೆಣ್ಣುಮಕ್ಕಳಿಗೆ ಏನೂ ಮಾಡುವುದಿಲ್ಲ ಅಂತ ರಿಚರ್ಡ್ ಪ್ರಭುಗಳ, ಬಿಷಪ್ಪರ, ಲಂಡನ್ ಮೇಯರನ ಎದುರು ಬಹಿರಂಗವಾಗಿ ಆಣೆ ಮಾಡಿದಮೇಲೆ ಬಂದಳು. ಚಿಕ್ಕಪ್ಪನನ್ನು ನಂಬಿದ ತಾಯಿ ಇಂಥ ಆಣೆ ಮಾಡಿಸುತ್ತಾಳಾ? ಹೋಗಲು ಬೇರೆ ದಾರಿ ಇಲ್ಲದ, ಮೈನೆರೆದ ಹೆಣ್ಣುಮಕ್ಕಳನ್ನು ಕಟ್ಟಿಕೊಂಡ ವಿಧವೆಯ ಲೆಕ್ಕಾಚಾರ ಅಂತ ನೋಡಿದರೆ ಎಲ್ಲ ಸರಿಹೋಗುತ್ತದೆ.

ಕೊಲ್ಲುವ ಅಗತ್ಯ ಇರಲಿಲ್ಲ ಅನ್ನುವ ಮಾತೂ ಅಷ್ಟು ಗಟ್ಟಿಯಲ್ಲ. ಕಾಗದದ ಮೇಲೆ ಹಕ್ಕು ಹೋಗಬಹುದು, ಜನರ ಮನಸ್ಸಿನಲ್ಲಿ ಹೋಗುವುದಿಲ್ಲ. ಪಟ್ಟಾಭಿಷೇಕವಾಗಿ ನಾಲ್ಕು ತಿಂಗಳು ತುಂಬುವುದರೊಳಗೇ ದಕ್ಷಿಣದ ಊರುಗಳಲ್ಲಿ ದಂಗೆ ಎದ್ದಿತು. ಹುಡುಗರು ಬದುಕಿರುವ ತನಕ ಅವರ ಹೆಸರಲ್ಲಿ ಕತ್ತಿ ಹಿಡಿಯುವವರು ಇದ್ದೇ ಇರುತ್ತಾರೆ. ನನಗೆ ಇದಕ್ಕಿಂತ ಭಾರವಾಗಿ ಕಾಣುವುದು ಬೇರೆ. ಹುಡುಗರು ಸತ್ತರು ಅಂತ ಊರೆಲ್ಲ ಗುಸುಗುಸು ಇದ್ದಾಗ ರಿಚರ್ಡ್ ಅವರನ್ನು ಒಮ್ಮೆ ಹೊರಗೆ ಕರೆತಂದು ತೋರಿಸಬಹುದಿತ್ತು. ತೋರಿಸಲಿಲ್ಲ. ಮುಂದೆ 1487ರಲ್ಲಿ ಜಾರ್ಜ್‌ನ ಮಗ ವಾರಿಕ್ ತಾನೇ ಅಂತ ಒಬ್ಬ ಹುಡುಗ ಎದ್ದಾಗ ಹೆನ್ರಿ ನಿಜವಾದ ವಾರಿಕ್‌ನನ್ನು ಟವರ್‌ನಿಂದ ತಂದು ಸೇಂಟ್ ಪಾಲ್ಸ್‌ನಲ್ಲಿ ಜನರಿಗೆ ತೋರಿಸಿದ. ಅಂಥ ದಾರಿ ರಿಚರ್ಡ್‌ಗೂ ತೆರೆದಿತ್ತು.

ಇನ್ನು ಮಾನ್ಸಿನಿ. ಡೊಮಿನಿಕ್ ಮಾನ್ಸಿನಿ ಅನ್ನುವ ಇಟಲಿಯವನು 1483ರ ಆ ಬೇಸಿಗೆಯಲ್ಲಿ ಲಂಡನ್ನಿನಲ್ಲೇ ಇದ್ದ, ಅದೇ ವರ್ಷದ ಡಿಸೆಂಬರ್‌ನಲ್ಲಿ ಕಂಡದ್ದನ್ನು ಬರೆದಿಟ್ಟ. ಹುಡುಗರು ಟವರ್‌ನ ಕಿಟಕಿಗಳಲ್ಲಿ ದಿನೇ ದಿನೇ ಅಪರೂಪವಾದರು, ಕೊನೆಗೆ ಕಾಣಿಸಲೇ ಇಲ್ಲ, ದೊಡ್ಡವನ ಹೆಸರೆತ್ತಿದರೆ ಜನ ಕಣ್ಣೀರು ಹಾಕುತ್ತಿದ್ದರು ಅನ್ನುತ್ತಾನೆ ಅವನು. ಹೇಗೆ ಸತ್ತರು, ಸತ್ತರೋ ಇಲ್ಲವೋ ತನಗೆ ತಿಳಿಯಲಿಲ್ಲ ಅಂತಲೂ ಬರೆಯುತ್ತಾನೆ. ಅವನಿಗೆ ಟ್ಯೂಡರ್‌ಗಳ ಹಂಗಿಲ್ಲ, ಹೆನ್ರಿ ಆಗಿನ್ನೂ ದೇಶದ ಹೊರಗೆ ತಲೆಮರೆಸಿಕೊಂಡಿದ್ದ. ಈ ಬರಹ ಫ್ರಾನ್ಸಿನ ಲೀಲ್ ಊರಿನ ಗ್ರಂಥಾಲಯದಲ್ಲಿ 1934ರಲ್ಲಿ ಸಿಕ್ಕಿತು, 1936ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು. ಕಾದಂಬರಿಗಿಂತ ಹದಿನೈದು ವರ್ಷ ಮೊದಲು. ಗ್ರಾಂಟ್‌ನ ಹಾಸಿಗೆಯ ಪಕ್ಕಕ್ಕೆ ಬಂದ ಪುಸ್ತಕಗಳಲ್ಲಿ ಇದಿಲ್ಲ. ಅವನ ವಾದದ ಬಹುಪಾಲು ಕ್ಲೆಮೆಂಟ್ಸ್ ಮಾರ್ಕಮ್ 1906ರಲ್ಲಿ ಬರೆದ ರಿಚರ್ಡ್ ಜೀವನಚರಿತ್ರೆಯಿಂದ ಬಂದದ್ದು. ಅದನ್ನು ಟೇ ಮುಚ್ಚಿಡಲಿಲ್ಲ ಅನ್ನುವುದನ್ನೂ ಹೇಳಬೇಕು. ಇದೆಲ್ಲ ಮೊದಲೇ ಹೇಳಿಯಾಗಿದೆ, 17ನೇ ಶತಮಾನದಲ್ಲಿ ಬಕ್, 18ರಲ್ಲಿ ವಾಲ್‌ಪೋಲ್, ಆಮೇಲೆ ಮಾರ್ಕಮ್ ಅಂತ ಕಾದಂಬರಿಯ ಕೊನೆಯಲ್ಲಿ ಪಾತ್ರಗಳಿಗೇ ತಿಳಿಯುತ್ತದೆ.

ಹೆನ್ರಿ ರಿಚರ್ಡ್‌ನ ಮೇಲೆ ಹೊರಿಸಿದ ಆರೋಪಪಟ್ಟಿಯಲ್ಲಿ ಹುಡುಗರ ಕೊಲೆಯ ಮಾತೇ ಇಲ್ಲ ಅನ್ನುವುದು ಗ್ರಾಂಟ್‌ನ ಇನ್ನೊಂದು ದಾಳ. ಹೆಸರು ಹಿಡಿದು ಇಲ್ಲ, ನಿಜ. ಆದರೆ ಆ ಪಟ್ಟಿಯಲ್ಲಿ ಎಳೆಯರ ರಕ್ತ ಹರಿಸಿದ ಅನ್ನುವ ಮಾತು ಇದೆ. ಯಾವ ಎಳೆಯರು ಅಂತ ಕೇಳುವ ಓದುಗರಿಗೆ ಕಾದಂಬರಿಯಲ್ಲಿ ಉತ್ತರ ಸಿಗುವುದಿಲ್ಲ.

ಟೋನಿಪ್ಯಾಂಡಿ

ಕಾದಂಬರಿಯಿಂದ ಹೊರಬಂದು ಓದುಗರ ಬಾಯಲ್ಲಿ ನಿಂತ ಒಂದು ಹೆಸರು ಟೋನಿಪ್ಯಾಂಡಿ. ವೇಲ್ಸ್‌ನ ರೋಂಡಾ ಕಣಿವೆಯ ಗಣಿ ಊರು. 1910ರ ನವೆಂಬರ್‌ನಲ್ಲಿ ಅಲ್ಲಿ ಗಣಿ ಕಾರ್ಮಿಕರ ಹೋರಾಟ ಗಲಭೆಗೆ ತಿರುಗಿತು. ಆಗ ಗೃಹಸಚಿವ ವಿನ್‌ಸ್ಟನ್ ಚರ್ಚಿಲ್. ಸರ್ಕಾರ ಸೈನ್ಯ ಬಿಟ್ಟು ಕಾರ್ಮಿಕರ ಮೇಲೆ ಗುಂಡು ಹಾರಿಸಿತು ಅಂತ ವೇಲ್ಸ್‌ನಲ್ಲಿ ಜನ ನಂಬುತ್ತಾರೆ, ನಿಜಕ್ಕೂ ಬಂದದ್ದು ಕೈಯಲ್ಲಿ ಮಡಚಿದ ಮಳೆಕೋಟು ಹಿಡಿದ ಲಂಡನ್ ಪೊಲೀಸರು, ಹರಿದ ರಕ್ತ ಅಂದರೆ ಒಂದೆರಡು ಮೂಗಿನದು ಅಂತ ಗ್ರಾಂಟ್ ಹೇಳುತ್ತಾನೆ. ಅಲ್ಲಿದ್ದವರೆಲ್ಲರಿಗೂ ಸುಳ್ಳು ಅಂತ ಗೊತ್ತಿದ್ದರೂ ಯಾರೂ ಅಲ್ಲಗಳೆಯದೆ ಇತಿಹಾಸವಾಗಿಬಿಟ್ಟ ಕಥೆಗೆಲ್ಲ ಅವನೂ ಅವನ ಸಹಾಯಕನೂ ಇದೇ ಹೆಸರು ಇಡುತ್ತಾರೆ. ರಿಚರ್ಡ್‌ನ ಕಥೆಯೂ ಒಂದು ಟೋನಿಪ್ಯಾಂಡಿ ಅನ್ನುವುದು ಪುಸ್ತಕದ ತಿರುಳು.

ವೇಲ್ಸ್‌ನ ಓದುಗರು ಇಲ್ಲಿ ಹಲ್ಲು ಕಚ್ಚುತ್ತಾರೆ, ಕಚ್ಚಲೇಬೇಕು. ಟೋನಿಪ್ಯಾಂಡಿಯಲ್ಲಿ ಸೈನಿಕರು ಗುಂಡು ಹಾರಿಸಲಿಲ್ಲ ಅನ್ನುವುದು ಸರಿ. ಚರ್ಚಿಲ್ ಮೊದಲು ಸೈನ್ಯವನ್ನು ತಡೆದ ಅನ್ನುವುದೂ ಸರಿ. ಆದರೆ ಸೈನ್ಯ ಆಮೇಲೆ ಬಂತು, ತಿಂಗಳುಗಟ್ಟಲೆ ಆ ಪ್ರದೇಶದಲ್ಲಿ ಬೀಡುಬಿಟ್ಟಿತು. ಪೊಲೀಸರ ಲಾಠಿ ಬೀಸಾಟದಲ್ಲಿ ಗಾಯಗೊಂಡವರು ನೂರಾರು. ಸ್ಯಾಮ್ಯುಯೆಲ್ ರೈಸ್ ಅನ್ನುವ ಗಣಿ ಕಾರ್ಮಿಕ ತಲೆಗೆ ಬಿದ್ದ ಏಟಿನಿಂದ ಸತ್ತ. ಮುಂದಿನ ವರ್ಷ ವೇಲ್ಸ್‌ನದೇ ಲ್ಯಾನೆಲಿಯಲ್ಲಿ ರೈಲ್ವೆ ಮುಷ್ಕರದ ವೇಳೆ ಸೈನಿಕರು ಗುಂಡಿಟ್ಟು ಇಬ್ಬರನ್ನು ಕೊಂದರು. ಜನರ ನೆನಪಿನಲ್ಲಿ ಎರಡೂ ಬೆರೆತಿದ್ದರೆ ಅದು ಕಟ್ಟುಕಥೆಯಲ್ಲ, ಕಲಬೆರಕೆ. ಸುಳ್ಳು ಇತಿಹಾಸ ಹೇಗೆ ಹುಟ್ಟುತ್ತದೆ ಅಂತ ಪಾಠ ಹೇಳಲು ಹೊರಟ ಪುಟದಲ್ಲೇ ಒಬ್ಬ ಸತ್ತ ಮನುಷ್ಯ ಬಿಟ್ಟುಹೋಗಿದ್ದಾನೆ. ಟೇ ಬಗ್ಗೆ ನನಗಿರುವ ದೊಡ್ಡ ತಕರಾರು ಇದು.

ಒಂದು ತಮಾಷೆಯೂ ಇದೆ. ಟೋನಿಪ್ಯಾಂಡಿ ವಿಷಯದಲ್ಲಿ ಕಾದಂಬರಿ ಚರ್ಚಿಲ್ ಪರ ನಿಲ್ಲುತ್ತದೆ. ಆ ಚರ್ಚಿಲ್ ಇಂಗ್ಲಿಷ್ ಮಾತಾಡುವ ಜನರ ಚರಿತ್ರೆ ಬರೆದು 1956ರಲ್ಲಿ ಮೊದಲ ಸಂಪುಟ ಹೊರತಂದಾಗ ರಿಚರ್ಡ್‌ನನ್ನು ಬಿಡಲಿಲ್ಲ. ಇದು ವಿವಾದ ಅನ್ನಿಸಿಕೊಳ್ಳಬೇಕಾದರೆ ಇನ್ನೂ ಬಹಳಷ್ಟು ಜಾಣ ಪುಸ್ತಕಗಳು ಬೇಕು ಅನ್ನುವ ಧಾಟಿಯಲ್ಲಿ ಕುಟುಕಿ ಮುಂದೆ ಹೋದ.

ಮುಖದ ವಿಷಯಕ್ಕೆ ಬರೋಣ. ಮೆಚ್ಚುವವರೂ ಮುಜುಗರಪಡುವ ಜಾಗ ಇದು. ಗ್ರಾಂಟ್ ಆ ಚಿತ್ರವನ್ನು ಬಂದವರಿಗೆಲ್ಲ ತೋರಿಸುತ್ತಾನೆ. ಒಬ್ಬ ನರ್ಸ್ ಲಿವರ್ ತೊಂದರೆ ಅನ್ನುತ್ತಾಳೆ. ಸರ್ಜನ್‌ಗೆ ಪೋಲಿಯೊ ಕಾಣುತ್ತದೆ. ಸಾರ್ಜೆಂಟ್ ವಿಲಿಯಮ್ಸ್ ಕೂಡ ನ್ಯಾಯಾಧೀಶನೇ ಅನ್ನುತ್ತಾನೆ. ಅವರವರ ಕಸುಬು ಅವರವರ ಕಣ್ಣಲ್ಲಿ. ತಮಾಷೆಯ ಪ್ರಸಂಗವಾಗಿ ಇದು ಸೊಗಸಾಗಿದೆ. ಆದರೆ ತನಿಖೆ ಇದರ ಮೇಲೇ ನಿಂತರೆ? ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿರುವ ಆ ಚಿತ್ರ 16ನೇ ಶತಮಾನದ ಕೊನೆಯದು. ರಿಚರ್ಡ್ ಸತ್ತು ಹೆಚ್ಚುಕಡಿಮೆ ನೂರು ವರ್ಷ ಆದಮೇಲೆ ಹೆಸರು ಗೊತ್ತಿಲ್ಲದ ಕಲಾವಿದನೊಬ್ಬ ಇನ್ಯಾವುದೋ ಚಿತ್ರ ನೋಡಿ ಬರೆದದ್ದು. ಅದರ ಕಣ್ಣಿನಲ್ಲಿ ಅಂತಃಕರಣ ಹುಡುಕುವುದು ಮದುವೆ ಬ್ರೋಕರ್ ಕೊಟ್ಟ ಫೋಟೊ ನೋಡಿ ಹುಡುಗನ ಗುಣ ಹೇಳಿದ ಹಾಗೆ. ಹುಬ್ಬು ನೋಡಿ, ಕಣ್ಣಿನ ಬಣ್ಣ ನೋಡಿ ಜನರನ್ನು ತೂಗುವ ಈ ಚಾಳಿ ಟೇಯ ಬೇರೆ ಕಾದಂಬರಿಗಳಲ್ಲೂ ಇದೆ. ಇವತ್ತಿನ ಓದುಗರಿಗೆ ಇದು ಸಲೀಸಾಗಿ ಇಳಿಯುವುದಿಲ್ಲ. ಆಗಿನ ಮೇಲ್ವರ್ಗದ ಠೀವಿಯೂ ಅಲ್ಲಲ್ಲಿ ಇಣುಕುತ್ತದೆ.

ಹಾಗಾದರೆ ಅಪರಾಧ ಕಾದಂಬರಿ ಬರೆಯುವವರೇ ಇದನ್ನು ತಲೆಮೇಲೆ ಹೊತ್ತದ್ದು ಯಾಕೆ? ಬರೆಯುವವರಿಗೆ ಕಾಣುವುದು ಕಸುಬು. ನಾಯಕ ಹಾಸಿಗೆ ಬಿಟ್ಟು ಏಳುವಂತಿಲ್ಲ. ಸಾಕ್ಷಿಗಳೆಲ್ಲ ಸತ್ತು ಶತಮಾನಗಳಾಗಿವೆ. ಅಪಾಯ ಯಾರಿಗೂ ಇಲ್ಲ. ಕುತೂಹಲ ಹುಟ್ಟಿಸುವ ಮಾಮೂಲಿ ಸಲಕರಣೆ ಎಲ್ಲವನ್ನೂ ಟೇ ಬೇಕಂತಲೇ ಆಚೆ ಎಸೆದಳು. ಆದರೂ ಪುಟ ತಿರುಗುತ್ತದೆ. ಮಾಹಿತಿ ಯಾವಾಗಲೂ ಬಾಗಿಲಿನಿಂದ ಒಳಗೆ ಬರುತ್ತದೆ, ಒಂದೊಂದು ಸಲ ಒಬ್ಬೊಬ್ಬರ ಕೈಯಲ್ಲಿ. ಮೊದಲು ನರ್ಸ್‌ನ ಶಾಲಾ ಪುಸ್ತಕ, ಮಕ್ಕಳಿಗೆ ಹೇಳುವ ಸರಳ ಕಥೆ. ಆಮೇಲೆ ದಪ್ಪ ಸಂವಿಧಾನ ಚರಿತ್ರೆ. ಆಮೇಲೆ ಮೋರ್. ಒಂದೊಂದು ಪುಸ್ತಕವೂ ಹಿಂದಿನದಕ್ಕಿಂತ ಜಾಸ್ತಿ ಹೇಳುತ್ತದೆ, ಹೊಸ ಅನುಮಾನವನ್ನೂ ಇಟ್ಟು ಹೋಗುತ್ತದೆ. ಅಷ್ಟರಲ್ಲಿ ಬ್ರೆಂಟ್ ಕ್ಯಾರಡೀನ್ ಬರುತ್ತಾನೆ. ಉದ್ದುದ್ದ ಕೋಟು ತೊಟ್ಟ, ಉಣ್ಣೆ ಕುರಿಮರಿಯಂತೆ ಕಾಣುವ ಅಮೆರಿಕದ ಹುಡುಗ. ಬ್ರಿಟಿಷ್ ಮ್ಯೂಸಿಯಂನಲ್ಲಿ ದಾಖಲೆ ಕೆದಕುವ ಕೆಲಸ ಅವನದು. ಅವನು ಬಾಗಿಲಲ್ಲಿ ನಿಂತ ರೀತಿಯಲ್ಲೇ ಇವತ್ತು ಏನೋ ಸಿಕ್ಕಿದೆ ಅಂತ ಓದುಗನಿಗೆ ತಿಳಿಯುತ್ತದೆ. ಟೇ ನಾಟಕಕಾರ್ತಿಯೂ ಹೌದು ಅನ್ನುವುದು ಇಲ್ಲಿ ನೆನಪಾಗಬೇಕು. ಇನ್ವರ್ನೆಸ್‌ನಲ್ಲಿ ಹುಟ್ಟಿದ ಎಲಿಜಬೆತ್ ಮ್ಯಾಕಿಂಟಾಷ್ ಅವಳ ನಿಜ ಹೆಸರು. ಗಾರ್ಡನ್ ಡೇವಿಯಟ್ ಅನ್ನುವ ಇನ್ನೊಂದು ಹೆಸರಿನಲ್ಲಿ ಅವಳು ಬರೆದ, ಎರಡನೇ ರಿಚರ್ಡ್ ಕುರಿತ ನಾಟಕ 1930ರ ದಶಕದಲ್ಲಿ ಜಾನ್ ಗೀಲ್‌ಗುಡ್‌ನ ಅಭಿನಯದಲ್ಲಿ ಲಂಡನ್ನಿನಲ್ಲಿ ಭರ್ಜರಿ ಓಡಿತು. ಒಂದು ಕೋಣೆ, ಒಂದು ಮಂಚ, ಒಳಗೆ ಹೊರಗೆ ಓಡಾಡುವ ಪಾತ್ರಗಳು. ಇದು ರಂಗದ ವಿದ್ಯೆ. ಈ ಉಪಾಯಕ್ಕೆ ಮಾರುಹೋದ ಕಾಲಿನ್ ಡೆಕ್ಸ್‌ಟರ್ 1989ರಲ್ಲಿ ತನ್ನ ಇನ್‌ಸ್ಪೆಕ್ಟರ್ ಮೋರ್ಸ್‌ನನ್ನೂ ಆಸ್ಪತ್ರೆಯಲ್ಲಿ ಮಲಗಿಸಿ ಹಳೇ ಕೇಸು ಬಿಡಿಸಲು ಹಚ್ಚಿದ. ಆ ಪುಸ್ತಕಕ್ಕೆ ಅದೇ ಕ್ರೈಮ್ ರೈಟರ್ಸ್ ಸಂಘದ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಬಂತು.

ಟೇ 1952ರ ಫೆಬ್ರವರಿಯಲ್ಲಿ ತೀರಿಕೊಂಡಳು. ತನ್ನ ಪುಸ್ತಕ ಏನೇನು ಮಾಡಿತು ಅಂತ ನೋಡಲಿಲ್ಲ. 1924ರಲ್ಲಿ ರಿಚರ್ಡ್‌ನ ಹೆಸರು ತೊಳೆಯಲು ಹುಟ್ಟಿ ಸೊರಗಿದ್ದ ಸಣ್ಣ ಕೂಟವೊಂದು 50ರ ದಶಕದಲ್ಲಿ ಮತ್ತೆ ಚಿಗುರಿ 1959ರಲ್ಲಿ ರಿಚರ್ಡ್ III ಸೊಸೈಟಿ ಆಯಿತು. 2012ರಲ್ಲಿ ಲೆಸ್ಟರ್ ಊರಿನ ಕಾರ್ ಪಾರ್ಕ್ ಒಂದನ್ನು ಅಗೆಸಿದ್ದು ಆ ಸೊಸೈಟಿಯ ಫಿಲಿಪ್ಪಾ ಲ್ಯಾಂಗ್ಲಿಯವರ ಹಟ, ಖರ್ಚಿಗೆ ಕೈಜೋಡಿಸಿದ್ದು ಸದಸ್ಯರು. ಕೆಳಗೆ ಸಿಕ್ಕಿದ ಅಸ್ಥಿಪಂಜರ ರಿಚರ್ಡ್‌ನದೇ ಅಂತ 2013ರ ಫೆಬ್ರವರಿ 4ರಂದು ಲೆಸ್ಟರ್ ವಿಶ್ವವಿದ್ಯಾಲಯ ಸಾರಿತು. ಬೆನ್ನುಮೂಳೆ ಪಕ್ಕಕ್ಕೆ ಚೆನ್ನಾಗಿ ಬಾಗಿತ್ತು. ಶೇಕ್ಸ್‌ಪಿಯರ್ ನಾಟಕದ ಗೂನು ಅಲ್ಲ, ಒಂದು ಹೆಗಲು ಮೇಲೆ ಕಾಣುವಂಥ ಡೊಂಕು. ಆ ನಾಟಕದಲ್ಲಿ ಬರುವ ಸೊರಗಿದ ಕೈ ಅನ್ನುವುದು ಮಾತ್ರ ಶುದ್ಧ ಸುಳ್ಳು, ಕೈ ಎರಡೂ ನೆಟ್ಟಗಿದ್ದವು. ಎರಡೂ ಬಣದವರು ನಾವು ಹೇಳಲಿಲ್ಲವಾ ಅಂದರು.

ಕೊಲೆಯ ಬಗ್ಗೆ ಮೂಳೆ ಏನೂ ಹೇಳುವುದಿಲ್ಲ. 1674ರಲ್ಲಿ ಟವರ್‌ನ ಮೆಟ್ಟಿಲ ಬುಡದಲ್ಲಿ ಸಿಕ್ಕಿದ ಮಕ್ಕಳ ಮೂಳೆಗಳು ವೆಸ್ಟ್‌ಮಿನ್‌ಸ್ಟರ್ ಅಬ್ಬಿಯಲ್ಲಿವೆ. 1933ರಲ್ಲಿ ಒಮ್ಮೆ ತೆಗೆದು ನೋಡಿದ್ದಷ್ಟೇ, ಡಿಎನ್‌ಎ ಪರೀಕ್ಷೆ ಆಗಿಲ್ಲ. ಹುಡುಗರು ಬದುಕುಳಿದು ಯುರೋಪಿಗೆ ಹೋದರು ಅಂತ ಲ್ಯಾಂಗ್ಲಿ 2023ರಲ್ಲಿ ನೆದರ್‌ಲೆಂಡ್ಸ್‌ನ ದಾಖಲೆ ಮುಂದಿಟ್ಟರು. ಮರುವರ್ಷ ಇತಿಹಾಸಕಾರ ಟಿಮ್ ಥಾರ್ನ್‌ಟನ್ 1516ರ ಒಂದು ಉಯಿಲು ತೋರಿಸಿದರು. ಐದನೇ ಎಡ್ವರ್ಡ್‌ನ ಚಿನ್ನದ ಸರ ಅಂತ ಅದರಲ್ಲಿ ಬರೆದಿದೆ, ಮತ್ತು ಆ ಸರ ಇದ್ದದ್ದು ಟಿರೆಲ್‌ನ ನೆಂಟರ ಮನೆಯಲ್ಲಿ. ಎರಡು ಸಲ ಕ್ಷಮಾಪತ್ರ ಪಡೆದ ಅದೇ ಟಿರೆಲ್.

ಓದಬೇಕು ಅನ್ನಿಸಿದರೆ ಗ್ರಾಂಟ್‌ನ ಹಿಂದಿನ ಕಾದಂಬರಿಗಳನ್ನು ಓದಿರಬೇಕಿಲ್ಲ, ನೇರ ಇದಕ್ಕೇ ಬರಬಹುದು. ವಂಶವೃಕ್ಷ ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ, ಅರ್ಧ ಬೇಜಾರು ಅಲ್ಲೇ ಕಳೆಯುತ್ತದೆ. ತಿರುವಿನ ಮೇಲೆ ತಿರುವು ಬೇಕು ಅನ್ನುವವರು ಇದನ್ನು ಬಿಟ್ಟು ಅಗಾಥಾ ಕ್ರಿಸ್ಟಿಯನ್ನೇ ಹಿಡಿಯುವುದು ವಾಸಿ. ಮುಗಿಸಿದಮೇಲೆ ರಿಚರ್ಡ್ ಪರ ಯಾರೊಂದಿಗಾದರೂ ವಾದಕ್ಕೆ ಇಳಿಯುವ ಮೊದಲು ಆಲಿಸನ್ ವೀರ್ 1992ರಲ್ಲಿ ಈ ಹುಡುಗರ ಬಗ್ಗೆ ಬರೆದ ಪುಸ್ತಕವನ್ನೂ ಓದಿ. ಅದೂ ಒಂದೇ ಕಡೆಗೆ ವಾಲಿದೆ, ಆದರೆ ಆ ಕಡೆಗೆ.